ತಟ್ಟದ ಚಪ್ಪಾಳೆ

ಕುರ್ಚಿಗಳನ್ನು ಅರ್ಧಚಂದ್ರದ ಹಾಗೆ ಜೋಡಿಸಿಡಿ ಎಂದು ಶನಿವಾರದಿಂದ ಹೇಳಿ ಹೇಳಿ ಅವಳ ನಾಲಿಗೆ ಸವೆದಿತ್ತು. ಆದರೂ ಸೋಮವಾರ ಬೆಳಿಗ್ಗೆ ಪೊಲೀಸ್ ತರಬೇತಿ ಶಾಲೆಯ ಹಾಲ್‌ಗೆ ಕಾಲಿಟ್ಟಾಗ ಅವು ಮತ್ತೆ ಕವಾಯತಿಗೆ ನಿಂತಂತೆ ಸಾಲುಗಟ್ಟಿದ್ದವು. ಚೀಲವನ್ನು ಮೇಜಿನ ಮೇಲೆ ಒಗೆದು ತಾನೇ ಒಂದೊಂದನ್ನೂ ಎಳೆಯತೊಡಗಿದಳು. ಸಾಲಿನಲ್ಲಿ ಕೂತವನು ಮುಂದಿನವನ ಕತ್ತು ನೋಡುತ್ತಾನೆ, ಅರ್ಧಚಂದ್ರದಲ್ಲಿ ಕೂತವನು ಎದುರಿನವನ ಮುಖ ನೋಡುತ್ತಾನೆ ಎಂದು ಎಲ್ಲೋ ಓದಿ, ಈ ಸೀಮೆಯ ಹತ್ತಾರು ಊರುಗಳ ಹಾಲ್‌ಗಳಲ್ಲಿ ಅದನ್ನೇ ಉರುಹೊಡೆದವಳ ಹಾಗೆ ಹೇಳಿ, ಈಗ ಅವಳಿಗೇ ಅನುಮಾನ ಬಂದಿತ್ತು. ಮುಖ ನೋಡಿದರೆ ಏನಾಗಿಬಿಡುತ್ತದೆ? ಹೊಡೆಯುವವನೂ ಮುಖ ನೋಡಿಯೇ ಹೊಡೆಯುತ್ತಾನೆ. ಬೆಳಿಗ್ಗೆಯಿಂದ ಒಳಗೆ ಏನೋ ನೆಟ್ಟಗಿರಲಿಲ್ಲ. ಮನೆಯಿಂದ ಹೊರಡುವಾಗ ಅಮ್ಮ ಬಾಗಿಲಿಗೆ ಬಂದು, "ಪೊಲೀಸರಿಗೆಲ್ಲ ಬುದ್ಧಿ ಹೇಳೋಕೆ ಹೋಗ್ತೀಯ. ಕಸದ ಗಾಡಿಯವನು ನಮ್ಮನೆ ಮುಂದೆ ನಿಲ್ಲಿಸ್ದೆ ಹೋಗ್ತಾನಲ್ಲ, ಮೊದ್ಲು ಅವನಿಗೆ ಹೇಳು ನೋಡೋಣ" ಎಂದಿದ್ದಳು. ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದಳು. ಇವತ್ತು ನಗು ಬರಲಿಲ್ಲ, ಏಕೆಂದರೆ ಅಮ್ಮನ ಮಾತು ಕಿವಿಗೆ ಬೀಳುವ ಹೊತ್ತಿಗೆ ಅವಳು ಒಂದು ನಿರಾಳವನ್ನು ಕಳ್ಳಮಾಲಿನ ಹಾಗೆ ಒಳಗೆ ಬಚ್ಚಿಟ್ಟುಕೊಳ್ಳುತ್ತಿದ್ದಳು. ಇವತ್ತು ಸೋಮವಾರ. ಇವತ್ತು ಆಫೀಸಿಗೆ ಹೋಗಬೇಕಾಗಿಲ್ಲ.

ಸೋಮವಾರ ಆಫೀಸಿಗೆ ಡ್ರೈವರನ ಹೆಂಡತಿ ಬರುತ್ತಾಳೆ. ಬಂದು ನೀರಿನ ಫಿಲ್ಟರಿನ ಪಕ್ಕದ ಬೆಂಚಿನ ತುದಿಯಲ್ಲಿ, ಇನ್ನೊಬ್ಬರಿಗೂ ಜಾಗ ಬಿಟ್ಟಂತೆ ಕೂರುತ್ತಾಳೆ. ಮೊದಮೊದಲು, "ಅಕ್ಕಾ, ಏನಾದ್ರೂ ಗೊತ್ತಾಯ್ತಾ?" ಎಂದು ಕೇಳುತ್ತಿದ್ದಳು. ಈಗ ಕೇಳುವುದನ್ನೂ ಬಿಟ್ಟಿದ್ದಾಳೆ. ತಲೆಯೆತ್ತಿ ನೋಡುತ್ತಾಳೆ, ಅಷ್ಟೆ. ಆ ನೋಟ ತಪ್ಪಿಸಲು ಇವಳು ಹಿಂದಿನ ಬಾಗಿಲಿನಿಂದ ಬಂದದ್ದುಂಟು, ಮೀಟಿಂಗಿನಲ್ಲಿದ್ದಾರೆ ಎಂದು ಹೇಳಿಸಿದ್ದುಂಟು. "ಸರಿ, ಕಾಯ್ತೀನಿ" ಎನ್ನುವುದು ಬೆಂಚಿನ ಉತ್ತರ. ಆಕೆಯ ಗಂಡ ಇವಳು ಕೆಲಸ ಮಾಡುವ ಮಾನವ ಹಕ್ಕು ಸಂಸ್ಥೆಯ ಜೀಪು ಓಡಿಸುತ್ತಿದ್ದ. ಕಲ್ಲು ಕ್ವಾರಿಯಲ್ಲಿ ಶೆಡ್ಡಿಗೆ ಬೀಗ ಹಾಕಿ ಕೂಡಿಟ್ಟು ದುಡಿಸುತ್ತಿದ್ದ ಹೆಂಗಸರನ್ನು ವಿಚಾರಣೆಗೆ ಸಾಕ್ಷಿ ಹೇಳಲು ಕರೆತಂದವನು ಅವನೇ. ಅದಾದ ಮುಂದಿನ ವಾರ ಜೀಪು ಸೇತುವೆಯ ಬಳಿ ಸಿಕ್ಕಿತು. ಬಾಗಿಲು ಹಾರುಹೊಡೆದಿತ್ತು, ಕೀಲಿ ಅದರಲ್ಲೇ ನೇತಾಡುತ್ತಿತ್ತು, ಅವನಿರಲಿಲ್ಲ. ಪೊಲೀಸ್ ವ್ಯಾನಿಗೆ ಹತ್ತಿಸಿದ್ದನ್ನು ಕಂಡೆವು ಎಂದು ಇಬ್ಬರು ದಾರಿಹೋಕರು ಹೇಳಿದರು. ಆಮೇಲೆ ಕಾಣಲಿಲ್ಲ ಎಂದರು. ಯಾವ ಠಾಣೆಯ ಹೊಸ್ತಿಲನ್ನೂ ಅವನು ತುಳಿದೇ ಇಲ್ಲ, ಹೆಂಡತಿಯ ಜತೆ ಜಗಳವಾಡಿ ಎಲ್ಲಿಗೋ ಓಡಿಹೋಗಿದ್ದಾನೆ ಎಂದು ನ್ಯಾಯಾಲಯದಲ್ಲಿ ಹೇಳಿ ಪೊಲೀಸರು ಕೈ ತೊಳೆದುಕೊಂಡರು. ಗಂಡನ ಜತೆ ಎಂದೂ ದನಿಯೆತ್ತಿ ಮಾತಾಡದ ಆ ಹೆಂಗಸು ಅಂದಿನಿಂದ ಊರಿಗೆಲ್ಲ ಜಗಳಗಂಟಿಯಾದಳು.

ಆ ದಿನ ಇವಳೂ ಜೀಪಿನಲ್ಲಿ ಹೋಗಬೇಕಿತ್ತು. "ನೀನೇ ಹೋಗಿ ಬಂದ್ಬಿಡಪ್ಪ, ನಂಗೆ ನಾಳೆಯ ಸ್ಲೈಡ್ ಮುಗಿಸ್ಬೇಕು" ಎಂದಿದ್ದಳು. "ಆಯ್ತಕ್ಕಾ, ನಿಧಾನ ಹೋಗಿ ಬರ್ತೀನಿ" ಎಂದು ಅವನು ಹೋದ. ಸ್ಲೈಡಿನ ಮೇಲೆ 'ಜೀವಿಸುವ ಹಕ್ಕು' ಎಂಬ ಅಕ್ಷರಗಳಿದ್ದವು, ಅವಕ್ಕೆ ನೀಲಿ ಒಪ್ಪುತ್ತದೋ ಹಸಿರು ಒಪ್ಪುತ್ತದೋ ಎಂದು ಅವಳು ಒಂದು ಮಧ್ಯಾಹ್ನವಿಡೀ ಬಣ್ಣ ಬದಲಾಯಿಸಿ ನೋಡುತ್ತ ಕೂತಿದ್ದಳು. ಈಗಲೂ ಆ ಸ್ಲೈಡನ್ನೇ ತೋರಿಸುತ್ತಾಳೆ. ಕೊನೆಗೆ ಹಸಿರೇ ಗೆದ್ದಿತ್ತು.

ಹನ್ನೊಂದರ ಹೊತ್ತಿಗೆ ಹಾಲ್ ತುಂಬಿತು. ಭಾನುವಾರದ ರಜೆಯನ್ನೂ ಕಳೆದುಕೊಂಡ ಸಿಟ್ಟು ಕೆಲವರ ಮುಖದಲ್ಲಿ ಇನ್ನೂ ಹಾಗೇ ಇತ್ತು. ಬಡ್ತಿಯ ಕಡತಕ್ಕೆ ಈ ತರಬೇತಿಯ ಸರ್ಟಿಫಿಕೇಟು ಬೇಕೇ ಬೇಕು ಎಂಬ ಆದೇಶ ಬರದಿದ್ದರೆ ಇವರಲ್ಲಿ ಒಬ್ಬನೂ ಈ ಕಡೆ ತಲೆಹಾಕಿ ಮಲಗುತ್ತಿರಲಿಲ್ಲ. ಹೊಟ್ಟೆಯ ಮೇಲೆ ಬೆಲ್ಟು ನಿಲ್ಲದ ದಫೇದಾರರೊಬ್ಬರು ಮಾತ್ರ ಮೊದಲ ದಿನದಿಂದಲೂ ಮುಂದೆಯೇ ಕೂತು, ಅವಳು ಹೇಳಿದ್ದಕ್ಕೆಲ್ಲ ತಲೆಯಾಡಿಸಿ, "ಮೇಡಂ ಹೇಳೋದು ನೂರಕ್ಕೆ ನೂರು ಸರಿ" ಎನ್ನುತ್ತಿದ್ದರು. ಅವರ ಠಾಣೆಯವರೇ ಇನ್ನೂ ಮೂವರು ಅವರ ಸುತ್ತ ಕೂರುತ್ತಿದ್ದರು. ಅವರಲ್ಲಿ ಒಬ್ಬ ತೆಳ್ಳನೆಯ ಕಾನ್‌ಸ್ಟೇಬಲ್. ಎಲ್ಲರೂ ಅವನನ್ನು ರೇಡಿಯೋ ಎಂದೇ ಕರೆಯುತ್ತಿದ್ದರು. ಯಾರ ದನಿಯನ್ನು ಬೇಕಾದರೂ ತೆಗೆಯುತ್ತಿದ್ದ. ದನಿಯಷ್ಟೇ ಅಲ್ಲ, ಆ ಮನುಷ್ಯನ ಹೆಗಲು, ಕತ್ತು, ಎಂಜಲು ನುಂಗುವ ರೀತಿ, ಎಲ್ಲವೂ ಅವನ ಮೈಗೆ ಬಂದುಬಿಡುತ್ತಿತ್ತು. ಶನಿವಾರ ಚಹಾದ ಬಿಡುವಿನಲ್ಲಿ ಅವನು ಅವಳನ್ನೇ ಮಾಡಿ ತೋರಿಸಿದ್ದ. ಕೂದಲನ್ನು ಕಿವಿಯ ಹಿಂದೆ ಸಿಕ್ಕಿಸಿ, ಗದ್ದ ಒಂದಿಷ್ಟು ಮೇಲೆತ್ತಿ, "ಅಂದರೆ ಏನರ್ಥ?" ಎಂದ. ಹಾಲ್‌ಗೆ ಹಾಲೇ ಬಿದ್ದು ಬಿದ್ದು ನಕ್ಕಿತು. ಅವಳೂ ನಕ್ಕಳು, ನಗದೆ ಇದ್ದರೆ ಮರ್ಯಾದೆ ಇನ್ನೂ ಹೋಗುತ್ತಿತ್ತು. ಆಮೇಲೆ ಬಚ್ಚಲಿಗೆ ಹೋಗಿ ಕನ್ನಡಿಯ ಮುಂದೆ ನಿಂತಳು. ಗದ್ದ ಮೇಲೆತ್ತುತ್ತೇನೆ ಎಂಬುದು ಅವಳಿಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ. ಎದುರಿನವನು ಏನೇ ಹೇಳಿದರೂ ಅದನ್ನು ಮೊದಲೇ ಕ್ಷಮಿಸಿಬಿಟ್ಟ ಗದ್ದ ಅದು.

"ಇಷ್ಟು ಚೆನ್ನಾಗಿ ಹೇಗೆ ಮಾಡ್ತೀರಿ?" ಎಂದು ಸಂಜೆ ಅವನನ್ನು ಕೇಳಿದ್ದಳು. ಅವನು ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ, "ನಂದೇನೂ ಇಲ್ಲ ಮೇಡಂ. ಕಣ್ಣಿಗೆ ಬಿದ್ದದ್ದು ಮೈಯಲ್ಲಿ ಉಳ್ಕೊಂಡ್ಬಿಡುತ್ತೆ. ನೋಡದೇ ಇರೋದನ್ನ ಮಾಡು ಅಂದ್ರೆ ಬರಲ್ಲ" ಎಂದಿದ್ದ. ಹೆಮ್ಮೆಯಿಂದ ಹೇಳಿದ ಹಾಗಿರಲಿಲ್ಲ. ಬಿಡದ ಕೆಮ್ಮಿನ ಬಗ್ಗೆ ಹೇಳುವವರು ಹಾಗೆ ಹೇಳುತ್ತಾರೆ.

ಮಧ್ಯಾಹ್ನದ ಊಟಕ್ಕೆ ಮುಂಚೆ ದೊಡ್ಡ ಸಾಹೇಬರು, ಎಂದರೆ ಜಿಲ್ಲೆಯ ಪೊಲೀಸ್ ವರಿಷ್ಠರು, ರಾಜ್ಯ ಮಾನವ ಹಕ್ಕು ಆಯೋಗದಿಂದ ಬಂದ ವೀಕ್ಷಕಿಯನ್ನು ಕರೆತಂದರು. ನಿವೃತ್ತ ನ್ಯಾಯಾಧೀಶೆಯಂತೆ. ದಪ್ಪ ಕನ್ನಡಕ, ಊದಿಕೊಂಡ ಪಾದಗಳು, ಪ್ರಯಾಣದ ಸುಸ್ತು. ಹಿಂದೆಯೇ ಅವಳ ಸಂಸ್ಥೆಯ ನಿರ್ದೇಶಕರು ಬಂದರು, ಇಸ್ತ್ರಿ ಹಾಕಿದ ನಗು ಹೊತ್ತು. ಒಂದು ಕಾಲದಲ್ಲಿ ಈ ನಿರ್ದೇಶಕರು ಬರೀ ದನಿಯಿಂದಲೇ ಜೈಲಿನ ಬಾಗಿಲು ತೆಗೆಸಿದ ವಕೀಲರು. ಡ್ರೈವರ್ ಕಾಣೆಯಾದ ಮೇಲೆ ವಾರಗಟ್ಟಲೆ ಠಾಣೆಯಿಂದ ಠಾಣೆಗೆ ಅಲೆದು, ಎಲ್ಲ ಕಡೆ ಬೆಂಚಿನ ಮೇಲೆ ಕಾದು, ಕೊನೆಗೆ ಇದೇ ದೊಡ್ಡ ಸಾಹೇಬರ ಎದುರು ಕೂತು ಚಹಾ ಕುಡಿದು ಬಂದಿದ್ದರು. "ಜಗಳ ಮಾಡಿದ್ರೆ ಬಾಗಿಲೇ ಮುಚ್ಚಿಹೋಗುತ್ತೆ, ಒಳಗೆ ಹೋಗಿ ಕೆಲಸ ಮಾಡೋಣಮ್ಮ" ಎಂದರು. ಹಾಗೆ ಹುಟ್ಟಿದ್ದು ಪೊಲೀಸರಿಗೆ ಈ ತರಬೇತಿ. ಒಳಗೆ ಹೋದದ್ದೇನೋ ಹೌದು. ಒಳಗೆ ಹೋದವರು ಮೊದಲು ಕಲಿತದ್ದು ಡ್ರೈವರನ ಹೆಸರೆತ್ತದಿರುವುದು. ಅವಳೂ ಕಲಿತಳು, ಬೇಗನೆ ಕಲಿತಳು. 'ಉದಾಹರಣೆಗೆ ಒಬ್ಬ ವ್ಯಕ್ತಿ' ಎನ್ನುತ್ತಿದ್ದಳು.

ಊಟವಾದ ಮೇಲೆ ಸರ್ಟಿಫಿಕೇಟು, ಆಮೇಲೆ ಬ್ಯಾನರಿನ ಮುಂದೆ ಫೋಟೋ ಎಂದು ಕಾರ್ಯಕ್ರಮವಿತ್ತು. ಊಟ ಮುಗಿಸಿ ಎಲ್ಲರೂ ಮತ್ತೆ ಕೂತಾಗ, "ಅದಕ್ಕೆ ಮುಂಚೆ ಅತಿಥಿಗಳಿಗೆ ಒಂದು ಆಟ ತೋರಿಸಿಬಿಡಿ ಮೇಡಂ, ಅದೇ ಪಾತ್ರ ಅದಲುಬದಲು, ಚೆನ್ನಾಗಿರುತ್ತೆ" ಎಂದರು ದೊಡ್ಡ ಸಾಹೇಬರು. ಆ ಆಟದಲ್ಲಿ ಪೊಲೀಸನೇ ಆರೋಪಿಯಾಗಿ ಸ್ಟೂಲಿನ ಮೇಲೆ ಕೂರಬೇಕು, ಇನ್ನೊಬ್ಬ ವಿಚಾರಣೆ ನಡೆಸಬೇಕು. ಕೂತವನಿಗೆ ಹೇಗನ್ನಿಸಿತು ಎಂದು ಆಮೇಲೆ ಮಾತುಕತೆ. ಶುರುವಾಗುವುದಕ್ಕೂ ಮುಗಿಯುವುದಕ್ಕೂ ಅವಳ ಚಪ್ಪಾಳೆಯೇ ಗುರುತು. ನಡುವೆ ನಿಲ್ಲಿಸಿದರೆ ಮೈಯೊಳಗೆ ಬಂದದ್ದು ಹೊರಗೆ ಬರುವುದಿಲ್ಲ ಎಂಬುದು ಅವಳು ಕಲಿತ ಪದ್ಧತಿ. ಉದ್ಘಾಟನೆಯ ದಿನ ಗಲಾಟೆಯೋ ಗಲಾಟೆ, ಆಗ ದೊಡ್ಡ ಸಾಹೇಬರೇ ಎದ್ದು ನಿಂತು, "ಮೇಡಂ ಚಪ್ಪಾಳೆ ತಟ್ಟೋವರೆಗೂ ಯಾರೂ ಜಾಗ ಬಿಟ್ಟು ಅಲ್ಲಾಡಬಾರ್ದು. ಇದು ನನ್ನ ಆರ್ಡರ್" ಎಂದಿದ್ದರು. ಹಕ್ಕುಗಳ ಬಗ್ಗೆ ಆಕಳಿಸುತ್ತಿದ್ದವರು ಆರ್ಡರ್ ಎಂದ ಕೂಡಲೇ ನೆಟ್ಟಗೆ ಕೂತಿದ್ದರು.

ಆರೋಪಿ ಯಾರು ಎಂದು ಕೇಳುವ ಮೊದಲೇ ಎಲ್ಲರೂ ರೇಡಿಯೋನನ್ನು ಮುಂದೆ ತಳ್ಳಿದರು. ವಿಚಾರಣೆಗೆ ದಫೇದಾರರು ಎದ್ದರು. ಸೈಕಲ್ ಕಳ್ಳತನದ ಆಪಾದನೆ, ಎಂದಿನ ಪ್ರಸಂಗ. ಅವಳು ಚಪ್ಪಾಳೆ ತಟ್ಟಿ ಕಿಟಕಿಯ ಹತ್ತಿರ ಹೋಗಿ ನಿಂತಳು. ಹೊರಗೆ ಒಬ್ಬ ಅಡುಗೆಯವನು ದೊಡ್ಡ ಪಾತ್ರೆಯೊಳಗೆ ಅರ್ಧ ಮೈ ಇಳಿಸಿ ತಿಕ್ಕುತ್ತಿದ್ದ. ಈ ಹೊತ್ತಿಗೆ ಡ್ರೈವರನ ಹೆಂಡತಿ ಆಫೀಸಿನ ಬೆಂಚಿನಲ್ಲಿ ಕೂತಿರುತ್ತಾಳೆ. ಮೇಡಂ ತರಬೇತಿಗೆ ಹೋಗಿದ್ದಾರೆ ಎಂದು ಹೇಳಿರುತ್ತಾರೆ. ಯಾರಿಗೆ ತರಬೇತಿ ಎಂದು ಆಕೆ ಕೇಳಿದರೆ ಏನು ಹೇಳುತ್ತಾರೆ?

"ಸೈಕಲ್ ಎಲ್ಲಿ ಮಾರಿದೆಯೋ?" ಎಂದರು ದಫೇದಾರರು ಅವಳ ಬೆನ್ನ ಹಿಂದೆ.

"ನಿಧಾನ ಸಾಹೇಬ್ರೇ, ನಿಧಾನ. ಒಂದೊಂದೇ ಕೇಳಿ, ಹೇಳ್ತೀನಿ."

ಒಂದು ಕ್ಷಣ ಅವಳಿಗೆ ಖುಷಿಯಾಯಿತು. ಬಹಳ ದಿನದಿಂದ ಕೇಳದ, ಪರಿಚಯದ ದನಿ ಕಿವಿಗೆ ಬಿದ್ದಾಗ ಯೋಚನೆಗೆ ಮುಂಚೆ ಆಗುವ ಖುಷಿ. ಓ, ಬಂದೆಯಾ ಎಂದು ತಿರುಗಿದಳು. ಸ್ಟೂಲಿನ ಮೇಲೆ ರೇಡಿಯೋ ಕೂತಿದ್ದ. ತಲೆಯನ್ನು ಎಡಕ್ಕೆ ಹೊರಳಿಸಿ ಬಲಗಿವಿಯನ್ನು ಮುಂದೆ ಮಾಡಿದ್ದ. ಮತ್ತು ಅವನ ಬಲಗಾಲು, ಬೂಟಿನೊಳಗಿನ ಬಲಗಾಲು, ನೆಲವನ್ನು ಒತ್ತುತ್ತಿತ್ತು. ಒತ್ತಿ, ಬಿಟ್ಟು, ಒತ್ತಿ.

ಆ ಕಾಲು ಅವಳಿಗೆ ಗೊತ್ತಿತ್ತು. ಸಂಸ್ಥೆಯವರೆಲ್ಲ ಒಮ್ಮೆ ಬಾಡಿಗೆ ಬಸ್ಸಿನಲ್ಲಿ ದೂರದ ಊರಿನ ಸಭೆಗೆ ಹೋದಾಗ ಡ್ರೈವರ್ ಅವಳ ಪಕ್ಕದಲ್ಲಿ ಕೂತಿದ್ದ. ಬೇರೆಯವನು ಗಾಡಿ ಓಡಿಸುವುದನ್ನು ನೋಡುತ್ತ ಕೂರುವುದು ಅವನಿಗೆ ದೊಡ್ಡ ಶಿಕ್ಷೆ. ತಿರುವು ಬಂದಾಗಲೆಲ್ಲ ಇಲ್ಲದ ಬ್ರೇಕನ್ನು ಒತ್ತುತ್ತಿದ್ದ. "ಇಲ್ಲಿ ಬ್ರೇಕ್ ಇಲ್ಲ ಕಣಪ್ಪ" ಎಂದು ಅವಳು ಚುಡಾಯಿಸಿದ್ದಳು. "ಕಾಲಿಗೆ ಗೊತ್ತಾಗಲ್ಲ ಅಕ್ಕಾ" ಎಂದಿದ್ದ. ಆಮೇಲೆ ನೋಡಿದರೆ ಆಫೀಸಿನ ಕುರ್ಚಿಯಲ್ಲೂ ಹಾಗೇ. ಯಾರಾದರೂ ಜೋರಾಗಿ ಏನಾದರೂ ಕೇಳಿದರೆ ಸಾಕು, ಬಲಗಾಲು ಮೆಲ್ಲಗೆ ನೆಲ ಒತ್ತುತ್ತಿತ್ತು, ಬಾಯಿ ನಿಧಾನ ಎನ್ನುತ್ತಿತ್ತು, ಎಡಗಿವಿ ಮಂದವಾದ್ದರಿಂದ ಬಲಗಿವಿ ಮುಂದೆ ಬರುತ್ತಿತ್ತು. ಹೆಂಡತಿ ಅದನ್ನು ಹೇಳಿ ನಗುತ್ತಿದ್ದಳು: ಇವರು ನಿದ್ದೇಲೂ ಬ್ರೇಕ್ ಹಾಕ್ತಾರೆ ಅಕ್ಕಾ, ನನ್ನ ಮೀನಖಂಡ ಎಲ್ಲ ನೋವು.

"ಓಹೋ, ನಿಂಗೆ ಆ ಕಡೆ ಕಿವೀನೇ ಕೇಳೋದಲ್ವಾ" ಎಂದು ದಫೇದಾರರು ನಗುತ್ತ ಸ್ಟೂಲನ್ನು ಸುತ್ತಿ ಬಲಗಡೆಗೆ ಬಂದರು. ಮಂದಗಿವಿಯ ಮಾತನ್ನು ಅಲ್ಲಿಯವರೆಗೆ ಯಾರೂ ಎತ್ತಿರಲಿಲ್ಲ. ಮೊದಲು ನಕ್ಕವರು ಆ ಠಾಣೆಯವರೇ ಇಬ್ಬರು. ಅವರು ನಕ್ಕಿದ್ದನ್ನು ನೋಡಿ ಉಳಿದವರು ನಕ್ಕರು. ದೊಡ್ಡ ಸಾಹೇಬರು ವೀಕ್ಷಕಿಯ ಕಡೆ ಬಾಗಿ, "ಒಳ್ಳೇ ಕಲಾವಿದ" ಎಂದರು. ವೀಕ್ಷಕಿಗೆ ಊಟದ ಮಂಪರು, ಕಣ್ಣು ಅರ್ಧ ಮುಚ್ಚಿತ್ತು. ಅವಳು ಮಾತ್ರ ಕಿಟಕಿಯ ಸರಳನ್ನು ಹಿಡಿದುಕೊಂಡಿದ್ದಳು. ಇಲ್ಲ, ಯಾರೋ ಬೇರೆಯವನಿರಬೇಕು, ಲೋಕದಲ್ಲಿ ಮಂದಗಿವಿಯ ಡ್ರೈವರುಗಳಿಗೇನು ಬರವೇ ಎಂದು ತನಗೇ ಹೇಳಿಕೊಳ್ಳುತ್ತಿದ್ದಂತೆ ರೇಡಿಯೋನ ಎಡಗೈ ಮೇಲೆದ್ದು ಪಕ್ಕೆಯನ್ನು ಒತ್ತಿ ಹಿಡಿಯಿತು. ಉಸಿರು ಒಳಗೆ ಹೋಗುವಾಗ ಅರ್ಧದಲ್ಲೇ ತುಂಡಾಯಿತು. ಮತ್ತೆ ತೆಗೆದುಕೊಂಡ, ಮತ್ತೆ ತುಂಡಾಯಿತು. ಈ ಕೈ ಅವಳಿಗೆ ಗೊತ್ತಿರಲಿಲ್ಲ. ಕಾಲು, ಕಿವಿ, ಮಾತು ಎಲ್ಲ ಅವನವು, ಅವಳು ಕಂಡವು. ಈ ಕೈ ಮತ್ತು ಈ ಉಸಿರು ಅವಳು ಕಂಡವಲ್ಲ. ಸ್ಲೈಡಿನ ಅಕ್ಷರಗಳಿಗೆ ಹಸಿರು ಹಚ್ಚುತ್ತಿದ್ದಾಗಲೋ ಅದರ ಮಾರನೆಯ ದಿನವೋ, ಎಲ್ಲೋ ಒಂದು ಕಡೆ ಅವು ಅವನಿಗೆ ಸೇರಿಕೊಂಡಿದ್ದವು. ಅದನ್ನು ರೇಡಿಯೋ ನೋಡಿದ್ದ.

ಅವಳ ಕೈಗಳು ಮೇಲೆದ್ದವು. ನಿಲ್ಲಿಸಬೇಕು, ಇದನ್ನು ನೋಡಲಾಗುವುದಿಲ್ಲ ಎಂದು ಅವು ತಾವಾಗಿಯೇ ಎದ್ದು ಎದೆಯ ಮುಂದೆ ಬಂದವು. ಚಿಕ್ಕಂದಿನಲ್ಲಿ ಶಾಲೆಯಲ್ಲಿದ್ದಾಗ ಮಂತ್ರಿಗಳು ಬರುತ್ತಾರೆಂದು ಬೆಳಗಿನಿಂದ ಬಿಸಿಲಿನಲ್ಲಿ ನಿಲ್ಲಿಸಿದ್ದರು. ಪಕ್ಕದ ಹುಡುಗಿ ತಲೆಸುತ್ತಿ ಬಿದ್ದಳು. ಅಷ್ಟರಲ್ಲಿ ಕಾರು ಬಂತು, ಮುಖ್ಯೋಪಾಧ್ಯಾಯಿನಿ 'ಚಪ್ಪಾಳೆ' ಎಂದರು, ಬಿದ್ದವಳನ್ನು ಎತ್ತಲು ಬಗ್ಗಿದ್ದ ಇವಳು ನೆಟ್ಟಗೆ ನಿಂತು ಚಪ್ಪಾಳೆ ತಟ್ಟಿದ್ದಳು. ಜೋರಾಗಿ ತಟ್ಟಿದ್ದಕ್ಕೆ ಶಭಾಸ್ ಎಂದಿದ್ದರು. ಹಾಗೆ ಕಲಿತ ಕೈಗಳು ಇವು. ಒಂದನ್ನೊಂದು ಮುಟ್ಟಲು ಒಂದು ಗೇಣು ಉಳಿದಿತ್ತು. ಆಗ ರೇಡಿಯೋ ಅವಳ ಕಡೆ ನೋಡಿದ.

ಅವನಿಗೆ ಆಗಲೇ ಗೊತ್ತಾದದ್ದು. ನಗೆಯ ಭರದಲ್ಲಿ, ಕೂತ ಸ್ಟೂಲಿನ ನೆನಪಿನಲ್ಲಿ, ಮೈ ತನ್ನಷ್ಟಕ್ಕೆ ಯಾರನ್ನು ಹೊರಗೆ ತಂದಿದೆ, ಯಾರ ಎದುರಿಗೆ ತಂದಿದೆ ಎಂದು ತಿಳಿದು ಅವನ ಮುಖ ಬಿಳುಚಿಕೊಂಡಿತು. ಜೀಪು ಯಾವ ಸಂಸ್ಥೆಯದು ಎಂಬುದು ಅವನಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಹಾವು ಮೆಟ್ಟಿದವನಂತೆ ಕೂತ. ಕಣ್ಣು ಬೇಡಿಕೊಳ್ಳುತ್ತಿತ್ತು. ನಿಲ್ಲಿಸಿ ಎನ್ನುತ್ತಿತ್ತೋ, ನಿಲ್ಲಿಸಬೇಡಿ ಎನ್ನುತ್ತಿತ್ತೋ, ಅವಳಿಗೆ ತಿಳಿಯಲಿಲ್ಲ, ಬಹುಶಃ ಅವನಿಗೂ ತಿಳಿದಿರಲಿಲ್ಲ. ಆದರೆ ಪಕ್ಕೆಯ ಮೇಲಿನ ಕೈ ಅಲ್ಲೇ ಇತ್ತು. ಬಲಗಾಲು ಒತ್ತುತ್ತಲೇ ಇತ್ತು.

ಅವಳು ಕೈ ಇಳಿಸಿದಳು.

ನಗೆ ಅಲ್ಲೊಂದು ಇಲ್ಲೊಂದು ಉಳಿದು ನಿಂತುಹೋಯಿತು. ದಫೇದಾರರು ಸ್ಟೂಲಿನ ಬಲಗಡೆ ನಿಂತವರು ತಾನು ಯಾಕೆ ಬಲಗಡೆ ಬಂದೆ ಎಂದು ಈಗ ಯೋಚಿಸುತ್ತಿರುವಂತೆ ಕಂಡರು. ಕುತ್ತಿಗೆಯ ಬೆವರು ಒರೆಸಿಕೊಂಡು, "ಮೇಡಂ, ಟೈಮಾಯ್ತು, ಚಪ್ಪಾಳೆ" ಎಂದು ಹಲ್ಲುಗಿಂಜಿದರು. ನಿರ್ದೇಶಕರು ಎದ್ದು ಬಂದು ಅವಳ ಹೆಗಲ ಬಳಿ ಬಾಗಿದರು. ಅವರಿಗೂ ಆ ಕಾಲಿನ ಗುರುತು ಹತ್ತಿತ್ತು. ಅದೇ ಜೀಪಿನಲ್ಲಿ ಮುಂದಿನ ಸೀಟಿನಲ್ಲಿ ಕೂತು ಎಷ್ಟು ವರ್ಷ ಓಡಾಡಿಲ್ಲ?

"ತಟ್ಟಿಬಿಡಮ್ಮ" ಎಂದರು ಪಿಸುದನಿಯಲ್ಲಿ. "ಇಲ್ಲಿ ಬೇಡ. ಆಮೇಲೆ ನೋಡೋಣ, ಸರಿಯಾದ ರೀತೀಲಿ ಕೇಳೋಣ."

"ಕೇಳಿದ್ವಲ್ಲ ಸಾರ್" ಎಂದಳು. ಪಿಸುಗುಟ್ಟಲು ಹೋದರೂ ದನಿ ಹಾಗೆ ಬರಲಿಲ್ಲ, ಇಡೀ ಹಾಲ್‌ಗೆ ಕೇಳಿಸಿತು. "ಸರಿಯಾದ ರೀತೀಲೇ ಕೇಳಿದ್ವಿ."

"ಈ ಇಡೀ ಕಾರ್ಯಕ್ರಮ ನಿಂತುಹೋಗುತ್ತೆ. ಎಷ್ಟು ಜಿಲ್ಲೆಗಳ ಕೆಲಸ ಅಂತ ಯೋಚನೆ ಮಾಡು."

ಯೋಚನೆ ಮಾಡಿದಳು. ಎಷ್ಟು ಜಿಲ್ಲೆಗಳು, ಎಷ್ಟು ಹಾಲ್‌ಗಳು, ಎಷ್ಟು ಅರ್ಧಚಂದ್ರಗಳು. ಎಲ್ಲ ಕಡೆ ಉದಾಹರಣೆಗೆ ಒಬ್ಬ ವ್ಯಕ್ತಿ, ಎಲ್ಲ ಕಡೆ ಗದ್ದ ಮೇಲೆ. ನಿಂತುಹೋದರೆ ಹೋಗಲಿ ಎಂಬ ಮಾತು ಅವಳೊಳಗೆ ಎದ್ದು ನಿಂತಿತು. ಅದಕ್ಕೆ ಅವಳೇ ಬೆಚ್ಚಿದಳು. ಆಮೇಲೆ ಅದು ಅಷ್ಟೇನೂ ಹೊಸ ಮಾತಲ್ಲ ಎನ್ನಿಸಿತು. ಪ್ರತಿ ಸೋಮವಾರ ಹಿಂದಿನ ಬಾಗಿಲಿನಿಂದ ನುಸುಳುವಾಗ ಅದು ಅವಳ ಜತೆಗೇ ಒಳಗೆ ಬರುತ್ತಿತ್ತು, ಬೆಂಚಿನವಳ ಕಣ್ಣಿಗೆ ಬೀಳದೆ.

"ಸಾಕು" ಎಂದು ದೊಡ್ಡ ಸಾಹೇಬರು ಎದ್ದರು. ದನಿಯಲ್ಲಿ ಅತಿಥಿ ಸತ್ಕಾರ ಉಳಿದಿರಲಿಲ್ಲ. "ಏನೋ ಇದು ಮಂಗಾಟ, ಏಳೋ ಮೇಲೆ."

ರೇಡಿಯೋ ಏಳಲಿಲ್ಲ. ಸ್ಟೂಲಿನ ಅಂಚನ್ನು ಬಲಗೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿದ್ದ, ಬೆರಳ ಗೆಣ್ಣುಗಳು ಬೆಳ್ಳಗಾಗಿದ್ದವು. ಅವನ ಬಾಯಿಂದ ಬಂದ ದನಿ ಯಾರದ್ದೂ ಆಗಿರಲಿಲ್ಲ. ಅದು ಅವನದ್ದೇ ದನಿ ಇರಬೇಕು, ಅಲ್ಲಿ ಯಾರೂ ಅದನ್ನು ಸರಿಯಾಗಿ ಕೇಳಿಸಿಕೊಂಡಿರಲಿಲ್ಲ.

"ಮೇಡಂ ಇನ್ನೂ ಚಪ್ಪಾಳೆ ತಟ್ಟಿಲ್ಲ ಸಾರ್. ನಿಮ್ದೇ ಆರ್ಡರ್."

ವೀಕ್ಷಕಿ ಕಣ್ಣು ತೆರೆದು ಕೂತಿರುವುದನ್ನು ಅವಳು ಕಂಡಳು. ಎಷ್ಟು ಹೊತ್ತಿನಿಂದ ತೆರೆದಿದ್ದವೋ. ಆ ಮುದುಕಿ ಕನ್ನಡಕವನ್ನು ಸರಿಮಾಡಿಕೊಂಡು, ಊದಿದ ಪಾದಗಳನ್ನು ಕುರ್ಚಿಯ ಕೆಳಗೆ ಎಳೆದುಕೊಂಡು, ಸ್ಟೂಲಿನ ಕಡೆಯೇ ನೋಡುತ್ತಿದ್ದರು. "ಇವರು ಯಾರನ್ನ ತೋರಿಸ್ತಿದ್ದಾರೆ?" ಎಂದು ಕೇಳಿದರು.

ದೊಡ್ಡ ಸಾಹೇಬರು, ಯಾರನ್ನೂ ಅಲ್ಲ ಮೇಡಂ, ಆಟ ಅಷ್ಟೇ ಎಂದರು. ನಿರ್ದೇಶಕರು ನೆಲ ನೋಡಿದರು. ಉತ್ತರ ಹೇಳಬೇಕಾದವಳು ಅವಳು. ಹೇಳಿದ ಮೇಲೆ ಈ ಕೆಲಸ ಇರುವುದಿಲ್ಲ, ಈ ಹಾಲ್ ಇರುವುದಿಲ್ಲ, ಸ್ಟೂಲಿನ ಮೇಲೆ ಕೂತವನ ನೌಕರಿಯಂತೂ ಇರುವುದಿಲ್ಲ, ಅವನ ಗತಿ ಏನಾದೀತೋ. ಅವಳಿಗೆ ಹೆದರಿಕೆಯಾಯಿತು. ಗದ್ದ ಮೇಲೇರುತ್ತಿದೆಯೇ ಎಂದು ನೋಡಿಕೊಂಡಳು. ಇಲ್ಲ, ಅದು ಇದ್ದಲ್ಲೇ ಇತ್ತು.

"ನಮ್ಮ ಜೀಪಿನ ಡ್ರೈವರನ್ನ" ಎಂದಳು. "ಹೋದ ವರ್ಷ ಸೇತುವೆ ಹತ್ರ ಕಾಣೆಯಾದವನನ್ನ. ಯಾವ ಠಾಣೆಗೂ ಕರ್ಕೊಂಡು ಬಂದಿಲ್ಲ ಅಂತ ಕೋರ್ಟಲ್ಲಿ ಹೇಳಿದಾರಲ್ಲ, ಅವನನ್ನ." ಆಮೇಲೆ ಅವನ ಹೆಸರು ಹೇಳಿದಳು, ತಂದೆಯ ಹೆಸರೂ ಸೇರಿಸಿ, ಕೋರ್ಟಿನಲ್ಲಿ ಕೂಗುವ ಹಾಗೆ. ಎಷ್ಟೋ ತಿಂಗಳಿಂದ ಬಾಯಿಗೆ ಬಾರದಿದ್ದ ಆ ಹೆಸರು ಇಷ್ಟು ಸಲೀಸಾಗಿ ಬರುತ್ತದೆ ಎಂದು ಅವಳು ಎಣಿಸಿರಲಿಲ್ಲ.

ಹೆಸರು ಕೇಳಿ ರೇಡಿಯೋನ ತಲೆ, ಅವನು ಬೇಕೆಂದು ಮಾಡಿದ ಹಾಗಿರಲಿಲ್ಲ, ಎಡಕ್ಕೆ ಹೊರಳಿತು. ಬಲಗಿವಿ ಮುಂದೆ ಬಂತು. ದಫೇದಾರರು ಹಿಂದೆ ಹಿಂದೆ ಸರಿದು ಕುರ್ಚಿಗಳಿಗೆ ತಾಗಿ ನಿಂತಿದ್ದರು. ಪ್ರಶ್ನೆ ಕೇಳುವವರು ಯಾರೂ ಇರಲಿಲ್ಲ. ಆದರೂ ಅವನು ಉತ್ತರ ಹೇಳತೊಡಗಿದ. "ಹೆಂಗಸರು ಎಲ್ಲಿದ್ದಾರೋ ನಂಗೊತ್ತಿಲ್ಲ ಸಾಹೇಬ್ರೇ. ನಾನು ಗಾಡಿ ಓಡಿಸೋನು. ನಿಧಾನ. ಹೇಳ್ತೀನಿ, ನಿಧಾನ." ಮೈ ಒಂದು ಪಕ್ಕಕ್ಕೆ ಜೋಲಿತು, ಯಾರೋ ಎತ್ತಿ ಕೂರಿಸಿದಂತೆ ಮತ್ತೆ ನೆಟ್ಟಗಾಯಿತು. ಮತ್ತೆ ಜೋಲಿತು. ಈಗ ಮಾತಿರಲಿಲ್ಲ, ತುಂಡು ತುಂಡು ಉಸಿರು ಮಾತ್ರ. ಸ್ಟೂಲಿನಿಂದ ಜಾರಿ ನೆಲದ ಮೇಲೆ ಕೂತು ಗೋಡೆಗೆ ಒರಗಿದ. ಅಲ್ಲಿಯೂ ಬಲಗಾಲು ಒತ್ತುತ್ತಿತ್ತು. ಹಾಲ್‌ನಲ್ಲಿದ್ದವರೆಲ್ಲ ಆ ಒಂದು ಬೂಟನ್ನೇ ನೋಡುತ್ತಿದ್ದರು. ಅರ್ಧಚಂದ್ರದಲ್ಲಿ ಕೂತಿದ್ದರಿಂದ ಯಾರಿಗೂ ಅದು ಮರೆಯಾಗಲಿಲ್ಲ. ಒತ್ತಿತು, ಬಿಟ್ಟಿತು. ಒತ್ತಿತು, ಬಿಟ್ಟಿತು. ಅರ್ಧ ಒತ್ತಿತು. ಹಾಗೇ ಹೊರಕ್ಕೆ ವಾಲಿ ನಿಂತುಬಿಟ್ಟಿತು.

ಡ್ರೈವರ್ ಸತ್ತ ಎಂದು ಅವಳಿಗೆ ಆಗ ಗೊತ್ತಾಯಿತು. ಬಹಳ ದಿನದಿಂದ ಗೊತ್ತಿದ್ದ ಸಂಗತಿಯೇ. ಆದರೂ ಈಗ, ಮಟಮಟ ಮಧ್ಯಾಹ್ನ, ಬ್ಯಾನರಿನ ಕೆಳಗೆ, ಅವಳ ಕಣ್ಣೆದುರಿಗೇ ಸತ್ತ. ಅಳು ಬಂತು. ತಡೆದುಕೊಳ್ಳಲು ಹೋಗಲಿಲ್ಲ. ಅಳುತ್ತಲೇ ರೇಡಿಯೋನ ಹತ್ತಿರ ಹೋಗಿ ಎದುರಿಗೆ ನಿಂತಳು.

"ನೋಡದೇ ಇರೋದನ್ನ ಮಾಡೋಕೆ ಬರಲ್ಲ ಅಂದಿದ್ರಿ ನೀವು."

ನೆಲದ ಮೇಲಿದ್ದವನು ಕಾಲು ಕದಲಿಸದೆ, "ಹೌದು ಮೇಡಂ" ಎಂದ. "ಬರಲ್ಲ."

"ಎಲ್ಲಿ ನೋಡಿದ್ರಿ?"

"ನಮ್ಮ ಠಾಣೆ ಹಿಂದಿನ ರೂಮಲ್ಲಿ. ಬಾಗಿಲು ಹಿಡ್ಕೊಂಡು ನಿಂತಿದ್ದೆ. ಒಳಗೆ ಹೋಗ್ಲಿಲ್ಲ, ಹೊರಗೂ ಹೋಗ್ಲಿಲ್ಲ."

ಅಷ್ಟು ಹೇಳಿದ್ದೇ ತಡ ಹಾಲ್ ಒಡೆದುಹೋಯಿತು. ಕುರ್ಚಿಗಳು ಕಿರುಚಿದವು, ಯಾರೋ ಬಾಗಿಲು ಹಾಕಿ ಎಂದರು, ಯಾರೋ ತೆಗೆಯಿರಿ ಎಂದರು. ದೊಡ್ಡ ಸಾಹೇಬರು ಇದಕ್ಕೆಲ್ಲ ಬೆಲೆಯಿಲ್ಲ, ಇದು ನಾಟಕ, ಕಾರ್ಯಕ್ರಮ ಮುಗಿಯಿತು, ಎಲ್ಲರೂ ಹೊರಗೆ ಹೋಗಿ ಎಂದು ಕೂಗುತ್ತಿದ್ದರು. ಹೋಗಲು ಎದ್ದವರು ಅವಳ ಕೈಗಳ ಕಡೆ ನೋಡಿ ಅರ್ಧಕ್ಕೇ ನಿಂತರು. ಮೂರು ದಿನದ ರೂಢಿ, ಆ ಸದ್ದು ಕೇಳದೆ ಕಾಲು ಏಳಲಿಲ್ಲ. ವೀಕ್ಷಕಿ ತಮ್ಮ ಕುರ್ಚಿಯನ್ನು ತಾವೇ ಎಳೆದುಕೊಂಡು ಗೋಡೆಯ ಹತ್ತಿರ ಬಂದು ಕೂತರು, ಕಾನ್‌ಸ್ಟೇಬಲನಿಗೆ ಮುಖ ಕಾಣುವಂತೆ. ನಿರ್ದೇಶಕರು ಸ್ವಲ್ಪ ಹೊತ್ತು ಎಲ್ಲಿ ನಿಲ್ಲುವುದೆಂದು ತಿಳಿಯದೆ ನಿಂತಿದ್ದು, ಆಮೇಲೆ ಬಾಗಿಲಿಗೆ ಹೋಗಿ ಬೆನ್ನು ಕೊಟ್ಟು ನಿಂತರು. "ನಾನು ಜತೇಲಿಲ್ದೆ ಇವನನ್ನ ಯಾರೂ ಕರ್ಕೊಂಡು ಹೋಗೋ ಹಾಗಿಲ್ಲ" ಎಂದರು. ಹಳೆಯ ದನಿಯ ಒಂದು ತುಣುಕು ಅದರಲ್ಲಿತ್ತು.

"ಮೇಡಂ, ಮರ್ಯಾದೆಯಿಂದ ಹೇಳ್ತಿದೀನಿ, ಮುಗಿಸಿ ಇದನ್ನ" ಎಂದು ದೊಡ್ಡ ಸಾಹೇಬರು ಅವಳ ಮುಖದ ಹತ್ತಿರ ಬಂದರು.

ಖಾಲಿ ಸ್ಟೂಲು ಅಲ್ಲೇ ಇತ್ತು. ಅವಳು ಅದರ ಮೇಲೆ ಕೂತಳು. ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿ ಅವುಗಳ ಮೇಲೆ ಮೈಭಾರ ಹಾಕಿದಳು, ಹಟಮಾಡುವ ಮಕ್ಕಳ ಹಾಗೆ. ಸ್ಟೂಲಿನ ಹಲಗೆ ಇನ್ನೂ ಬಿಸಿಯಾಗಿತ್ತು. ಆಫೀಸಿನ ಬೆಂಚಿನಲ್ಲಿ ಆಕೆ ಈಗಲೂ ಕೂತಿರುತ್ತಾಳೆ. ಇವತ್ತು ಮುಂದಿನ ಬಾಗಿಲಿನಿಂದ ಹೋಗಬೇಕು, ಹೋಗಿ ಆ ಬೆಂಚಿನಲ್ಲಿ ಬಿಟ್ಟ ಜಾಗದಲ್ಲಿ ಕೂರಬೇಕು, ಹೇಳಬೇಕು. ಹೇಗೆ ಹೇಳುವುದು ಎಂಬುದು ಹೊಳೆಯಲಿಲ್ಲ.

"ಆಟ ಮುಗಿದಿಲ್ಲ" ಎಂದಳು. ಕೈ ತೆಗೆಯಲಿಲ್ಲ.